ಒಬ್ಬರ ಕಣ್ಣು, ಹಲವರ ನಂಬಿಕೆ

ದನದ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತ ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಐದು ನಿಮಿಷದ ಹಿಂದಷ್ಟೇ ಇನ್ನೊಬ್ಬ ಅದೇ ಎತ್ತಿನ ಹಲ್ಲು ನೋಡಿ ಹೋಗಿದ್ದರೂ ಇವನು ಬಿಡುವುದಿಲ್ಲ. ಆ ಇನ್ನೊಬ್ಬನ ಮಾತನ್ನು ಏಕೆ ನಂಬಬೇಕು? ಅವನೂ ಕೊಳ್ಳಲು ಬಂದವನೇ. ದುಡ್ಡು ಕೊಡುವವನು ತಾನು, ನಾಳೆ ನೇಗಿಲ ಸಾಲಿನಲ್ಲಿ ಎತ್ತು ಮಲಗಿಬಿಟ್ಟರೆ ನಷ್ಟವೂ ತನ್ನದೇ. ಸಂಜೆಯ ಹೊತ್ತಿಗೆ ಎತ್ತಿಗೆ ಬಾಯಿ ನೋವು ಬಂದಿರಬಹುದು, ಅದನ್ನು ಕೇಳುವವರಿಲ್ಲ.

1970 ಮತ್ತು 80ರ ದಶಕಗಳಲ್ಲಿ ಅಮೆರಿಕದ ಅಣುವಿದ್ಯುತ್ ಸ್ಥಾವರಗಳಿಗೆ ಕವಾಟ, ಪಂಪು, ಕೇಬಲ್, ಬೋಲ್ಟು ಒದಗಿಸುತ್ತಿದ್ದ ಕಾರ್ಖಾನೆಗಳ ಪಾಡು ಹೆಚ್ಚುಕಡಿಮೆ ಈ ಎತ್ತಿನದೇ ಆಗಿತ್ತು. ಇಂದು ಒಂದು ವಿದ್ಯುತ್ ಕಂಪನಿಯ ತಪಾಸಣೆಗಾರರು ಬಂದು ಮೂರು ದಿನ ಕೂತು ಕಡತಗಳನ್ನೆಲ್ಲ ತೆರೆಸಿ ಹೋದರೆ, ಮುಂದಿನ ವಾರ ಇನ್ನೊಂದು ಕಂಪನಿಯವರು ಬಂದು ಅದೇ ಕಡತ ತೆರೆಸಿ ಅದೇ ಪ್ರಶ್ನೆ ಕೇಳುವರು. ಈ ಪದ್ಧತಿ ಹೇಗೆ ಹುಟ್ಟಿತು, ಕೊಳ್ಳುವವರು ಕೊನೆಗೆ ಒಬ್ಬರ ತಪಾಸಣೆಯನ್ನು ಇನ್ನೊಬ್ಬರು ನಂಬಲು ಹೇಗೆ ಒಪ್ಪಿದರು, ಆ ನಂಬಿಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಅಷ್ಟಾಗಿ ಯಾರೂ ಹೇಳದ ಕಥೆ. ಅಣುಶಕ್ತಿಯೆಂದರೆ ನಮಗೆ ನೆನಪಾಗುವುದು ವಿಜ್ಞಾನಿಗಳು, ಬಾಂಬು, ವಿಕಿರಣ. ಬೋಲ್ಟಿನ ಪ್ರಮಾಣಪತ್ರ ಓದುವ ಗುಮಾಸ್ತನಂಥ ಎಂಜಿನಿಯರು ಯಾರ ನೆನಪಿಗೂ ಬರುವುದಿಲ್ಲ.

ಕಥೆಯ ಬೇರು ಅಣುಯುಗಕ್ಕಿಂತ ಹಳೆಯದು. 1905ರ ಮಾರ್ಚ್ 20ರ ಬೆಳಿಗ್ಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಎಂಬ ಊರಿನಲ್ಲಿ ಗ್ರೋವರ್ ಷೂ ಕಾರ್ಖಾನೆಯ ಬಾಯ್ಲರ್ ಸ್ಫೋಟಿಸಿತು. ನಾಲ್ಕು ಅಂತಸ್ತಿನ ಮರದ ಕಟ್ಟಡ ಕುಸಿದು ಬೆಂಕಿ ಹತ್ತಿಕೊಂಡು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಾಯ್ಲರಿನ ಎರಡು ತಗಡುಗಳು ಒಂದರ ಮೇಲೊಂದು ಕೂತು ರಿವೆಟ್ ಹೊಡೆಸಿಕೊಂಡಿದ್ದ ಜಾಗದಲ್ಲಿ, ತಗಡುಗಳ ನಡುವೆ, ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳದ ಹಾಗೆ ಬಿರುಕು ಬೆಳೆದಿತ್ತು. ಆ ದುರಂತದ ನಂತರ ಮ್ಯಾಸಚೂಸೆಟ್ಸ್ 1907ರಲ್ಲಿ ಬಾಯ್ಲರ್ ಕಾನೂನು ಮಾಡಿತು, ಓಹಾಯೊ 1911ರಲ್ಲಿ ಮಾಡಿತು. ರಾಜ್ಯಕ್ಕೊಂದು ನಿಯಮವಾದರೆ ಬಾಯ್ಲರ್ ತಯಾರಕ ಎಷ್ಟು ಬಗೆಯ ಬಾಯ್ಲರ್ ಮಾಡಬೇಕು, ಎಷ್ಟು ಮಂದಿ ಅಧಿಕಾರಿಗಳಿಗೆ ತೋರಿಸಬೇಕು? ಕೊನೆಗೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಇಡೀ ದೇಶಕ್ಕೆ ಹೊಂದುವ ಒಂದು ಸಂಹಿತೆ ಬರೆಯಿತು. ಅದರ ಮೊದಲ ಆವೃತ್ತಿ 1914ರದು. ಸಂಹಿತೆಯಂತೆ ಮಾಡಿದ ಬಾಯ್ಲರಿಗೆ ಒಂದು ಮುದ್ರೆ. ಒಂದು ರಾಜ್ಯದಲ್ಲಿ ನೋಡಿ ಮುದ್ರೆ ಹಾಕಿದ್ದನ್ನು ಇನ್ನೊಂದು ರಾಜ್ಯ ಮತ್ತೆ ಬಿಚ್ಚಿ ನೋಡದೆ ಒಪ್ಪಿಕೊಳ್ಳುವ ಪದ್ಧತಿ ಹೀಗೆ ಶುರುವಾಯಿತು.

ಅಣು ರಿಯಾಕ್ಟರೂ ಒಂದು ಅರ್ಥದಲ್ಲಿ ಬಾಯ್ಲರೇ. 1963ರಲ್ಲಿ ಇದೇ ಸಂಹಿತೆಗೆ ಅಣುಸ್ಥಾವರದ ಪಾತ್ರೆಗಳಿಗಾಗಿ ಹೊಸ ಭಾಗ ಸೇರಿತು. ಅದೇ ವರ್ಷ ಏಪ್ರಿಲ್ 10ರಂದು ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿ ಥ್ರೆಷರ್ ಅಟ್ಲಾಂಟಿಕ್ ಸಾಗರದಲ್ಲಿ 129 ಮಂದಿಯೊಂದಿಗೆ ಮುಳುಗಿಹೋಯಿತು. ಸಮುದ್ರದ ನೀರು ಸಾಗುವ ಕೊಳವೆಯೊಂದರ ಬೆಸುಗೆ ಬಿಟ್ಟಿದ್ದೇ ಕಾರಣವಿರಬೇಕೆಂದು ತನಿಖೆ ಹೇಳಿತು. ನೌಕಾಪಡೆಯ ಅಣುಚಾಲನಾ ವಿಭಾಗವನ್ನು ಕಟ್ಟಿದ ಅಡ್ಮಿರಲ್ ರಿಕೋವರ್, ಸಾಮಾನು ಒದಗಿಸುವ ಕಾರ್ಖಾನೆಗಳ ನಿರ್ಲಕ್ಷ್ಯದ ಬಗ್ಗೆ ದುರಂತಕ್ಕೆ ಮೊದಲೇ ಸಾರ್ವಜನಿಕವಾಗಿ ಕಿಡಿಕಾರಿದ್ದರು. ಅವರ ದೃಷ್ಟಿಯಲ್ಲಿ ಹೊಸ ವಿಜ್ಞಾನದ ಭಾಗ ಕೈಕೊಡುತ್ತಿರಲಿಲ್ಲ. ಕೈಕೊಡುತ್ತಿದ್ದುದು ನೂರು ವರ್ಷದಿಂದ ಮಾಡುತ್ತ ಬಂದ ಕವಾಟ, ಬೆಸುಗೆ, ಕೊಳವೆಗಳು. ಎಲ್ಲರಿಗೂ ಗೊತ್ತಿರುವ ಕೆಲಸವೆಂಬ ಉದಾಸೀನದಿಂದಲೇ ಅವು ಕೆಡುತ್ತಿದ್ದವು.

ನಾಗರಿಕ ಸ್ಥಾವರಗಳೂ ಬಹಳ ದಿನ ಹೊರತಾಗಿ ಉಳಿಯಲಿಲ್ಲ. 1967ರಲ್ಲಿ ನ್ಯೂಜೆರ್ಸಿಯ ಆಯ್‌ಸ್ಟರ್ ಕ್ರೀಕ್ ಸ್ಥಾವರ ಇನ್ನೂ ಉರಿಯುವ ಮೊದಲೇ, ನೀರು ತುಂಬಿ ಒತ್ತಡ ಪರೀಕ್ಷೆ ಮಾಡುವಾಗ ರಿಯಾಕ್ಟರ್ ಪಾತ್ರೆಯ ತಳದ ಕೊಳವೆ ಜೋಡಣೆಯಲ್ಲಿ ಸೋರಿಕೆ ಕಂಡಿತು. ಕೆದಕಿದಷ್ಟೂ ಬಿರುಕುಗಳು ಸಿಕ್ಕವು. ಇಂಥ ಅನುಭವಗಳ ಬೆನ್ನಲ್ಲೇ ಅಮೆರಿಕದ ಅಣುಶಕ್ತಿ ಆಯೋಗ 1970ರ ಜೂನ್ 27ರಂದು ಗುಣಮಟ್ಟ ಖಾತರಿಯ ಹದಿನೆಂಟು ಸೂತ್ರಗಳನ್ನು ಕಾನೂನಾಗಿ ಹೊರಡಿಸಿತು. ನಿಯಮಪುಸ್ತಕದ ಅನುಬಂಧವಾಗಿ ಬಂದ ಈ ಕೆಲವೇ ಪುಟಗಳು ಜಗತ್ತಿನ ಅಣು ಉದ್ಯಮದ ನಡೆನುಡಿಯನ್ನೇ ತಿದ್ದಿದವು. ನಮ್ಮ ಕಥೆಗೆ ಬೇಕಾದವು ಅದರಲ್ಲಿ ಮೂರು. ಏಳನೆಯ ಸೂತ್ರದ ಪ್ರಕಾರ, ಕೊಂಡ ಸಾಮಾನು ಹೇಳಿದಂತೆಯೇ ಇದೆಯೇ ಎಂಬುದಕ್ಕೆ ಕೊಂಡವನು ಸಾಕ್ಷ್ಯ ಇಟ್ಟುಕೊಂಡಿರಬೇಕು, ಒದಗಿಸುವವನ ಸಾಮರ್ಥ್ಯವನ್ನು ಅಳೆಯಬೇಕು. ಹದಿನೆಂಟನೆಯದು ಆಡಿಟ್ ಕಡ್ಡಾಯ ಮಾಡುತ್ತದೆ. ಮೊದಲನೆಯದು ಬಹಳ ಕಟ್ಟುನಿಟ್ಟು: ಕೆಲಸವನ್ನು ಯಾರಿಗೆ ಬೇಕಾದರೂ ವಹಿಸಿಕೊಡಬಹುದು, ಹೊಣೆ ಮಾತ್ರ ಪರವಾನಗಿ ಪಡೆದವನದೇ.

ಆಡಿಟ್ ಎಂದರೆ ಇಲ್ಲಿ ಹಣದ ಲೆಕ್ಕವಲ್ಲ. ಒಂದು ಉಕ್ಕಿನ ಫ್ಲಾಂಜನ್ನೇ ತೆಗೆದುಕೊಳ್ಳಿ. ಅದು ಹುಟ್ಟಿದ ಎರಕಕ್ಕೊಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆಯನ್ನು ಲೋಹದ ಮೇಲೇ ಒತ್ತಿರುತ್ತಾರೆ. ಎರಕದಲ್ಲಿ ಇಂಗಾಲ ಎಷ್ಟು, ಕ್ರೋಮಿಯಂ ಎಷ್ಟು, ಎಳೆದರೆ ಎಷ್ಟು ಭಾರಕ್ಕೆ ಮುರಿಯಿತು ಎಂಬ ಪರೀಕ್ಷಾಪತ್ರ ಜೊತೆಗೆ ಬರಬೇಕು. ಆಡಿಟ್ ಮಾಡುವವನು ಕಾರ್ಖಾನೆಗೆ ಹೋಗಿ ಈ ಸರಪಳಿ ಎಲ್ಲಾದರೂ ಕಡಿದಿದೆಯೇ ಎಂದು ನೋಡುತ್ತಾನೆ. ಕುಲುಮೆಯ ಶಾಖಮಾಪಕವನ್ನು ಕೊನೆಯ ಬಾರಿ ಸರಿನೋಡಿದ್ದು ಯಾವಾಗ? ಬೆಸುಗೆಗಾರನ ಅರ್ಹತಾಪತ್ರದ ಅವಧಿ ಮುಗಿದಿದೆಯೇ? ತಿರಸ್ಕರಿಸಿದ ತುಂಡುಗಳನ್ನು ಬೇರೆ ಇಟ್ಟಿದ್ದಾರೆಯೇ ಅಥವಾ ಒಳ್ಳೆಯವುಗಳ ಪಕ್ಕದಲ್ಲೇ ರಾಶಿ ಹಾಕಿದ್ದಾರೆಯೇ? ಸಾಮಾನು ಕೈಗೆ ಬಂದ ಮೇಲೆ ನೋಡಿ ಪ್ರಯೋಜನವಿಲ್ಲದ ಸಂಗತಿಗಳಿವು. ಹೊಳೆಯುವ ಫ್ಲಾಂಜು ತನ್ನೊಳಗಿನದನ್ನು ಹೇಳುವುದಿಲ್ಲ, ಬ್ರಾಕ್ಟನ್ನಿನ ಬಾಯ್ಲರೂ ಹೇಳಿರಲಿಲ್ಲ.

ನಿಯಮ ಒಳ್ಳೆಯದೇ. ತೊಡಕು ಲೆಕ್ಕದಲ್ಲಿತ್ತು. ಅಮೆರಿಕದಲ್ಲಿ ಅಣುವಿದ್ಯುತ್ ಒಂದು ಸರ್ಕಾರಿ ಇಲಾಖೆಯ ಕೆಲಸವಾಗಿರಲಿಲ್ಲ. ಹತ್ತಾರು ವಿದ್ಯುತ್ ಕಂಪನಿಗಳು ಒಂದೆರಡು, ನಾಲ್ಕಾರು ರಿಯಾಕ್ಟರುಗಳನ್ನು ತಮ್ಮ ತಮ್ಮ ಸೀಮೆಯಲ್ಲಿ ಕಟ್ಟಿಕೊಂಡಿದ್ದವು. ಪ್ರತಿಯೊಂದೂ ಪರವಾನಗಿದಾರ, ಪ್ರತಿಯೊಂದಕ್ಕೂ ಆಡಿಟ್ ಮಾಡುವ ಕಟ್ಟುಪಾಡು. ಸಾಮಾನು ಕೊಳ್ಳುವುದು ಮಾತ್ರ ಎಲ್ಲರೂ ಅದೇ ಕೆಲವು ಕಾರ್ಖಾನೆಗಳಿಂದ. ಆಡಿಟ್ ಬಂದಾಗಲೆಲ್ಲ ಕಾರ್ಖಾನೆಯ ಗುಣಮಟ್ಟ ವಿಭಾಗದವರು ಕೈಕೆಲಸ ಬಿಟ್ಟು ಅತಿಥಿಗಳ ಹಿಂದೆ ಓಡಾಡಬೇಕು. ಗುಣಮಟ್ಟ ಕಾಯಬೇಕಾದವರ ಸಮಯವೆಲ್ಲ ಗುಣಮಟ್ಟ ಕಾಯುತ್ತಿದ್ದೇವೆಂದು ತೋರಿಸುವುದರಲ್ಲೇ ಹೋಗುವ ಈ ವಿಚಿತ್ರವನ್ನು ನಮ್ಮ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಮಾರುಕಟ್ಟೆಯೂ ಬತ್ತತೊಡಗಿತು. 1970ರ ದಶಕದ ನಡುವಿನಿಂದ ಹೊಸ ಸ್ಥಾವರಗಳ ಬೇಡಿಕೆ ಕುಸಿಯಿತು, 1979ರ ತ್ರೀ ಮೈಲ್ ಐಲೆಂಡ್ ಅಪಘಾತ ಉಳಿದದ್ದನ್ನೂ ಮುಗಿಸಿತು. ವರ್ಷಕ್ಕೆ ನಾಲ್ಕು ಬಿಡಿಭಾಗ ಮಾರಲು ಇಷ್ಟೊಂದು ಕಾಗದಪತ್ರ, ಇಷ್ಟೊಂದು ಆಡಿಟ್ ಏಕೆ ಎಂದು ಎಷ್ಟೋ ತಯಾರಕರು ಅಣುದರ್ಜೆಯ ಸಾಮಾನು ಮಾಡುವುದನ್ನೇ ಕೈಬಿಟ್ಟರು. ಚಾಲೂ ಇದ್ದ ಸ್ಥಾವರಗಳಿಗೆ ಬಿಡಿಭಾಗ ಬೇಕೇ ಬೇಕು. ಅವರು ಸಾಮಾನ್ಯ ವ್ಯಾಪಾರಿ ದರ್ಜೆಯ ಸಾಮಾನು ಕೊಂಡು ತಾವೇ ಪರೀಕ್ಷಿಸಿ ಬಳಸುವ ದಾರಿ ಹಿಡಿದರು. ತಯಾರಕನಿಗೂ ಸ್ಥಾವರಕ್ಕೂ ನಡುವೆ ದಳ್ಳಾಳಿಗಳು, ಮರುಮಾರಾಟಗಾರರು ಸೇರಿಕೊಂಡರು. ಜಾತ್ರೆಯಲ್ಲಿ ದಳ್ಳಾಳಿ ಟವೆಲಿನ ಕೆಳಗೆ ಕೈ ಹಿಡಿದರೆ ಏನಾಗುತ್ತದೆಂದು ರೈತನಿಗೆ ಗೊತ್ತು. ಇಲ್ಲಿಯೂ ಅದೇ ಆಯಿತು.

1987ರ ನವೆಂಬರಿನಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ ಎಲ್ಲ ಸ್ಥಾವರಗಳಿಗೂ ಒಂದು ಸುತ್ತೋಲೆ ಕಳಿಸಿತು: ನಿಮ್ಮ ಉಗ್ರಾಣದ ಬೋಲ್ಟುಗಳಲ್ಲಿ ಕೆಲವನ್ನು ಆರಿಸಿ ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶ ತಿಳಿಸಿ. ಆಗ ದೇಶದ ತುಂಬ ಕಳಪೆ ಬೋಲ್ಟುಗಳ ಗುಲ್ಲೆದ್ದಿತ್ತು. ಹೆಚ್ಚು ಶಾಖ ತಡೆಯಲಾರದ ಅಗ್ಗದ ಉಕ್ಕಿನ ಬೋಲ್ಟಿಗೆ ಮೇಲುದರ್ಜೆಯ ಗುರುತು ಒತ್ತಿ ಮಾರಲಾಗುತ್ತಿತ್ತು. ಸೇನೆಯ ಟ್ಯಾಂಕುಗಳಿಂದ ಹಿಡಿದು ಸೇತುವೆಗಳವರೆಗೆ ಆತಂಕ ಹರಡಿ, 1990ರಲ್ಲಿ ಬೋಲ್ಟುಗಳ ಗುಣಮಟ್ಟಕ್ಕೆಂದೇ ಅಮೆರಿಕದ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. 1988ರ ಮೇ ತಿಂಗಳಲ್ಲಿ ಇನ್ನೊಂದು ಸುತ್ತೋಲೆ. ನ್ಯೂಜೆರ್ಸಿಯ ಎರಡು ವ್ಯಾಪಾರಿ ಕಂಪನಿಗಳು ಸುಳ್ಳು ಪರೀಕ್ಷಾಪತ್ರ ಸೃಷ್ಟಿಸಿ ಫ್ಲಾಂಜು, ಕೊಳವೆ ಜೋಡಣೆಗಳನ್ನು ಮಾರಿದ್ದವು. ಅವು ಎಲ್ಲೆಲ್ಲಿ ಕೂತಿವೆಯೆಂದು ಸ್ಥಾವರಗಳವರು ಟಾರ್ಚು ಹಿಡಿದು ಹುಡುಕಿ, ಗಡಸುತನ ಅಳೆದು ನೋಡಬೇಕಾಯಿತು. ಅದೇ ವರ್ಷ ಹಳೆಯ ಸರ್ಕ್ಯೂಟ್ ಬ್ರೇಕರುಗಳನ್ನು ಉಜ್ಜಿ ಬಣ್ಣ ಬಳಿದು ಹೊಸದೆಂದು ಮಾರಿದ ಪ್ರಕರಣವೂ ಹೊರಬಂತು.

ಇಲ್ಲೊಂದು ಸೂಕ್ಷ್ಮವಿದೆ. ಆಡಿಟ್‌ಗಳಿಗೆ ಕೊರತೆಯಿರಲಿಲ್ಲ. ಅಷ್ಟೊಂದು ಕಂಪನಿಗಳು, ಅಷ್ಟೊಂದು ಸಲ, ಅಷ್ಟೊಂದು ಕಾರ್ಖಾನೆಗಳಿಗೆ ಹೋಗಿಬರುತ್ತಿದ್ದವು. ಆದರೆ ಹೋದವರು ಬಹುಮಟ್ಟಿಗೆ ನೋಡುತ್ತಿದ್ದುದು ಕೈಪಿಡಿಯನ್ನು. ಹದಿನೆಂಟು ಸೂತ್ರಕ್ಕೆ ಹದಿನೆಂಟು ಅಧ್ಯಾಯ ಇದೆಯೇ, ಸಹಿ ಇದೆಯೇ, ದಿನಾಂಕ ಇದೆಯೇ ಎಂದು ಗುರುತು ಹಾಕಿ ಬರುತ್ತಿದ್ದರು. ಮೋಸಗಾರನಿಗೆ ಕಾಗದ ಸರಿಯಾಗಿ ಇಡುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. 1989ರ ಮಾರ್ಚಿನಲ್ಲಿ ನಿಯಂತ್ರಣ ಆಯೋಗ ಎಲ್ಲ ಪರವಾನಗಿದಾರರಿಗೂ ಬರೆದ ಪತ್ರದ ತಿರುಳು ಇದೇ: ಖರೀದಿಯಲ್ಲಿ ಎಂಜಿನಿಯರುಗಳನ್ನು ತೊಡಗಿಸಿ, ಬಂದ ಸಾಮಾನನ್ನು ಪರೀಕ್ಷಿಸಿ, ಕಾಗದವೊಂದನ್ನೇ ನೆಚ್ಚಬೇಡಿ.

ಆ ವರ್ಷವೇ ಅಮೆರಿಕದ ಅಣುವಿದ್ಯುತ್ ಕಂಪನಿಗಳು ಒಟ್ಟುಗೂಡಿ ನ್ಯೂಪಿಕ್ ಎಂಬ ಸಂಸ್ಥೆ ಕಟ್ಟಿಕೊಂಡವು. ಅಣು ಖರೀದಿ ಸಮಸ್ಯೆಗಳ ಸಮಿತಿ ಎಂಬುದು ಅದರ ಹೆಸರಿನ ಅರ್ಥ. ವಿಮಾನ ಹಾಗೂ ಕ್ಷಿಪಣಿ ಉದ್ಯಮದವರು 1960ರ ದಶಕದಲ್ಲೇ ತಪಾಸಣೆ ಹಂಚಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದರು, ಅಣು ಉದ್ಯಮದಲ್ಲೂ ಗುಂಪುಗಳಾಗಿ ವರದಿ ಹಂಚಿಕೊಳ್ಳುವ ಪ್ರಯತ್ನಗಳು ನಡೆದಿದ್ದವು. ದೇಶದ ಎಲ್ಲ ಅಣುವಿದ್ಯುತ್ ಕಂಪನಿಗಳೂ ಒಂದೇ ಚಾವಣಿಯಡಿ ಬಂದದ್ದು ಈಗ. ಹೊರದೇಶದ ಕೆಲವು ಸ್ಥಾವರಗಳೂ ಸೇರಿದವು.

ಏರ್ಪಾಡು ಸರಳ. ಹಲವರಿಗೆ ಸಾಮಾನು ಕೊಡುವ ಒಂದು ಕಾರ್ಖಾನೆಗೆ ಒಂದು ಕಂಪನಿ ಮುಂದಾಳಾಗುತ್ತದೆ. ಅದರ ಮುಖ್ಯ ತಪಾಸಣೆಗಾರನ ಜೊತೆಗೆ ಬೇರೆ ಕಂಪನಿಗಳ ತಪಾಸಣೆಗಾರರೂ ಆ ಸಾಮಾನಿನ ಒಳಹೊರಗು ಬಲ್ಲ ತಜ್ಞರೂ ಸೇರಿ ತಂಡವಾಗುತ್ತದೆ. ಎಲ್ಲರೂ ಒಪ್ಪಿದ ಒಂದೇ ಪ್ರಶ್ನಾವಳಿ. ವರದಿ ಎಲ್ಲ ಸದಸ್ಯರಿಗೂ ಹೋಗುತ್ತದೆ. ಹೀಗೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ. ನಿಯಂತ್ರಣ ಆಯೋಗದವರೂ ಆಗಾಗ ಇಂಥ ತಂಡದ ಜೊತೆ ಹೋಗಿ, ತಪಾಸಣೆಗಾರರು ಹೇಗೆ ತಪಾಸಣೆ ಮಾಡುತ್ತಾರೆಂದು ಪಕ್ಕದಲ್ಲಿ ನಿಂತು ನೋಡುತ್ತಾರೆ. ಮುಂದೆ 1990ರ ದಶಕದಲ್ಲಿ ದೊಡ್ಡ ತಯಾರಕರೇ ತಮಗೆ ಕಚ್ಚಾವಸ್ತು ಕೊಡುವ ಕಿರಿಯ ಕಾರ್ಖಾನೆಗಳ ತಪಾಸಣೆ ಹಂಚಿಕೊಳ್ಳಲು ಇಂಥದೇ ಇನ್ನೊಂದು ಕೂಟ ಮಾಡಿಕೊಂಡರು.

ಕೂಡಿ ಹೋಗುವುದರಿಂದ ಉಳಿದದ್ದು ಪ್ರಯಾಣದ ಖರ್ಚಷ್ಟೇ ಅಲ್ಲ. ಒಂದು ಕಂಪನಿ ಒಬ್ಬಿಬ್ಬರನ್ನು ಕಳಿಸಿದರೆ ಕೈಪಿಡಿ ಓದುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಲೋಹತಜ್ಞ, ವಿದ್ಯುತ್ ತಜ್ಞ, ಬೆಸುಗೆ ಬಲ್ಲವರು ಸೇರಿ ಹೋದಾಗ ಕೈಪಿಡಿ ಬದಿಗಿಟ್ಟು, ತಯಾರಾಗುತ್ತಿರುವ ಒಂದು ಕವಾಟವನ್ನೇ ಹಿಡಿದು, ಉಕ್ಕು ಬಂದಿಳಿದ ಬಾಗಿಲಿನಿಂದ ಕೊನೆಯ ಪರೀಕ್ಷೆಯವರೆಗೆ ಬೆನ್ನು ಹತ್ತಬಹುದು. ವ್ಯವಸ್ಥೆ ಇದೆಯೇ ಎಂದು ಕೇಳುವ ಆಡಿಟ್ ಹೋಗಿ, ಕೆಲಸ ಆಗುತ್ತಿದೆಯೇ ಎಂದು ನೋಡುವ ಆಡಿಟ್ ಬಂತು. ನನ್ನ ಮಟ್ಟಿಗೆ ಇಡೀ ಬದಲಾವಣೆಯ ನಿಜವಾದ ಲಾಭ ಇದು.

ಪೈಪೋಟಿ ಇರುವ ಲೋಕದಲ್ಲಿ ಕಂಪನಿಗಳು ಹೀಗೆ ಗುಟ್ಟು ಹಂಚಿಕೊಂಡದ್ದು ಹೇಗೆ ಎಂದು ಓದುಗರು ಕೇಳಬಹುದು. ಆಗ ಅಮೆರಿಕದ ವಿದ್ಯುತ್ ಕಂಪನಿಗಳಿಗೆ ತಮ್ಮ ತಮ್ಮ ಸೀಮೆಯಲ್ಲಿ ಏಕಸ್ವಾಮ್ಯವಿತ್ತು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿಯುವಂತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತ್ರೀ ಮೈಲ್ ಐಲೆಂಡ್ ಅವರಿಗೆ ಒಂದು ಪಾಠ ಕಲಿಸಿತ್ತು. ಒಬ್ಬನ ಸ್ಥಾವರದಲ್ಲಿ ಅಪಘಾತವಾದರೆ ಜನ ಆ ಕಂಪನಿಯನ್ನಷ್ಟೇ ಬೈಯುವುದಿಲ್ಲ, ಅಣುವಿದ್ಯುತ್ತನ್ನೇ ಬೈಯುತ್ತಾರೆ. ಬೀದಿಯ ಒಂದು ಗುಡಿಸಲಿಗೆ ಬೆಂಕಿ ಬಿದ್ದರೆ ಇಡೀ ಕೇರಿ ಎದ್ದು ನಿಲ್ಲುತ್ತದಲ್ಲ, ಹಾಗೆ. ಒಂದು ಎಚ್ಚರಿಕೆ ಮಾತ್ರ ಇತ್ತು. ಕೊಳ್ಳುವವರೆಲ್ಲ ಕೂಡಿ ಒಬ್ಬ ಮಾರುವವನನ್ನು ಬಹಿಷ್ಕರಿಸುವುದನ್ನು ಅಮೆರಿಕದ ಕಾನೂನು ಸಹಿಸುವುದಿಲ್ಲ. ಆದ್ದರಿಂದ ಹಂಚಿಕೆಯಾಗುವುದು ಕಂಡದ್ದರ ವರದಿ. ಅದನ್ನು ಓದಿ ಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಆಯಾ ಕಂಪನಿಯದೇ. ಮೊದಲನೆಯ ಸೂತ್ರ ಹೇಳಿದ್ದೂ ಅದನ್ನೇ.

ನಮ್ಮ ದೇಶದಲ್ಲಿ ಈ ಬಗೆಯ ಕೂಟ ಹುಟ್ಟದೇ ಇದ್ದುದಕ್ಕೆ ಕಾರಣ ಸುಲಭ. ಇಲ್ಲಿ ಬಹುಕಾಲ ಕೊಳ್ಳುವವನು ಒಬ್ಬನೇ. 1987ರಲ್ಲಿ ರಚನೆಯಾದ ಅಣುವಿದ್ಯುತ್ ನಿಗಮ ತಾರಾಪುರದಿಂದ ಹಿಡಿದು ನಮ್ಮ ಕೈಗಾದವರೆಗೆ ಸ್ಥಾವರಗಳನ್ನು ನಡೆಸಿಕೊಂಡು ಬಂತು. 1974ರ ಪೊಖ್ರಾನ್ ಪರೀಕ್ಷೆಯ ನಂತರ ಹೊರದೇಶಗಳು ಬಾಗಿಲು ಹಾಕಿದ್ದರಿಂದ ಬಿಡಿಭಾಗಗಳನ್ನು ದೇಶದ ಕಾರ್ಖಾನೆಗಳಲ್ಲೇ ಮಾಡಿಸಬೇಕಾಯಿತು, ಅವುಗಳನ್ನು ನೋಡಲು ಹೋಗುತ್ತಿದ್ದುದು ಒಂದೇ ಮನೆಯವರು. ಕೈಗಾ ಎಂದೊಡನೆ ಕೆಲವರಿಗೆ 1994ರ ಮೇ ತಿಂಗಳಲ್ಲಿ ಅಲ್ಲಿನ ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದದ್ದು ನೆನಪಾಗಬಹುದು. ಅದು ವಿನ್ಯಾಸದ, ಕಟ್ಟೋಣದ ಕಥೆ, ಕೊಂಡು ತಂದ ಬಿಡಿಭಾಗದ್ದಲ್ಲ.

ಕೊಳ್ಳುವವನು ಒಬ್ಬನೇ ಆದರೆ ಸಾಕೆ? ದಕ್ಷಿಣ ಕೊರಿಯಾದಲ್ಲೂ ಸ್ಥಾವರಗಳನ್ನು ನಡೆಸುವುದು ಒಂದೇ ಸಾರ್ವಜನಿಕ ಕಂಪನಿ. 2012ರ ನವೆಂಬರಿನಲ್ಲಿ ಅಲ್ಲಿ ಸಾವಿರಾರು ಬಿಡಿಭಾಗಗಳಿಗೆ ಖೋಟಾ ಪ್ರಮಾಣಪತ್ರ ಅಂಟಿಸಿದ್ದು ಬೆಳಕಿಗೆ ಬಂದು ಎರಡು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. 2013ರ ಮೇ ತಿಂಗಳಲ್ಲಿ ಅದಕ್ಕಿಂತ ಗಂಭೀರವಾದದ್ದು ಹೊರಬಿತ್ತು: ಅಪಘಾತದ ವೇಳೆ ರಿಯಾಕ್ಟರಿಗೆ ಆಜ್ಞೆ ಮುಟ್ಟಿಸಬೇಕಾದ ನಿಯಂತ್ರಣ ಕೇಬಲ್ಲುಗಳ ಪರೀಕ್ಷಾವರದಿಯೇ ಸುಳ್ಳು. ಸುಳ್ಳು ಹೇಳಿದವರಲ್ಲಿ ಕೇಬಲ್ ಮಾಡಿದವರಷ್ಟೇ ಅಲ್ಲ, ಅದನ್ನು ಪರೀಕ್ಷಿಸಬೇಕಾದ ಪ್ರಯೋಗಾಲಯದವರೂ ಇದ್ದರು. ಇನ್ನಷ್ಟು ರಿಯಾಕ್ಟರುಗಳು ನಿಂತವು, ಆ ಬೇಸಿಗೆಯಲ್ಲಿ ಸಿಯೋಲಿನ ಸರ್ಕಾರಿ ಕಚೇರಿಗಳು ಹವಾನಿಯಂತ್ರಣವಿಲ್ಲದೆ ಬೆವರಿದವು.

ಕೊಳ್ಳುವವರು ಹಲವರಿದ್ದರೂ ಇದೇ ಆಗಬಹುದೆಂಬುದನ್ನು ಫ್ರಾನ್ಸಿನ ಲ ಕ್ರೂಸೋ ತೋರಿಸಿತು. ಹತ್ತೊಂಬತ್ತನೆಯ ಶತಮಾನದಿಂದ ಉಕ್ಕಿಗೆ ಹೆಸರಾದ ಊರದು. ರಿಯಾಕ್ಟರುಗಳ ಭಾರಿ ಭಾಗಗಳನ್ನು ಬಡಿದು ರೂಪಿಸುವ ಅಲ್ಲಿನ ಕಮ್ಮಟ ಹಲವು ದೇಶಗಳ ಸ್ಥಾವರಗಳಿಗೆ ಸಾಮಾನು ಒದಗಿಸಿತ್ತು. ಅದನ್ನು ನೋಡಿಹೋದವರಿಗೆ ಲೆಕ್ಕವಿರಲಿಲ್ಲ, ಗಿರಾಕಿಗಳೂ ಬಂದಿದ್ದರು, ನಿಯಂತ್ರಕರೂ ಬಂದಿದ್ದರು. 2015ರ ಏಪ್ರಿಲಿನಲ್ಲಿ, ಫ್ಲಾಮನ್‌ವಿಲ್‌ನಲ್ಲಿ ಕಟ್ಟುತ್ತಿದ್ದ ಹೊಸ ರಿಯಾಕ್ಟರಿನ ಪಾತ್ರೆಯ ಮುಚ್ಚಳ ಮತ್ತು ತಳದ ಉಕ್ಕಿನಲ್ಲಿ ಇಂಗಾಲ ಇರಬೇಕಾದುದಕ್ಕಿಂತ ಹೆಚ್ಚಿದೆಯೆಂದು ಫ್ರೆಂಚ್ ನಿಯಂತ್ರಣ ಸಂಸ್ಥೆ ಪ್ರಕಟಿಸಿತು. ಹಳೆಯ ಕಡತಗಳನ್ನು ತೆಗೆಸಿ ನೋಡಿದಾಗ 2016ರಲ್ಲಿ ಸುಮಾರು 400 ಭಾಗಗಳ ದಾಖಲೆಗಳಲ್ಲಿ ಅಕ್ರಮದ ಸುಳಿವು ಸಿಕ್ಕಿತು, ಅವುಗಳಲ್ಲಿ ಕೆಲವು 1965ರಷ್ಟು ಹಿಂದಿನವು. ಒಳಗಿನ ಬಳಕೆಗೆ ಇಟ್ಟುಕೊಂಡಿದ್ದ ಕಡತಗಳ ಮೇಲೆ ಗೆರೆ ಎಳೆದು ಗುರುತು ಮಾಡಲಾಗಿತ್ತು. ಗಿರಾಕಿಗೆ ಕೊಟ್ಟ ಕಾಗದದಲ್ಲಿ ಇಲ್ಲದ ಸಂಗತಿ ಅಲ್ಲಿತ್ತು.

ಒಂದೇ ಕಾರ್ಖಾನೆಯನ್ನು ಹಲವರು ಹಂಚಿಕೊಂಡು ನೋಡುವುದರಲ್ಲಿ ಇರುವ ಅಪಾಯ ಇಲ್ಲಿ ಎದ್ದು ಕಾಣುತ್ತದೆ. ಮೂವತ್ತು ಮಂದಿ ಬೇರೆ ಬೇರೆಯಾಗಿ ಹೋದರೆ ಮೂವತ್ತು ಸಲ ಅದೇ ತಪ್ಪು ಆಗಬಹುದು, ಆದರೆ ಒಬ್ಬನಾದರೂ ಎಡವಟ್ಟು ಪ್ರಶ್ನೆ ಕೇಳಿ ತಪ್ಪಾದ ಕಪಾಟು ತೆರೆಸುವ ಸಂಭವ ಇರುತ್ತದೆ. ಮೂವತ್ತು ಮಂದಿಯ ಪರವಾಗಿ ಒಂದು ತಂಡ ಹೋದಾಗ ಅದು ಕಾಣದ್ದನ್ನು ಯಾರೂ ಕಾಣುವುದಿಲ್ಲ. ಆದರೂ ಹಳೆಯ ಪದ್ಧತಿಗೆ ಮರಳಬೇಕೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಾರೆ. ಲ ಕ್ರೂಸೋಗೆ ಸಿಕ್ಕ ಉತ್ತರವೂ ಇನ್ನಷ್ಟು ಹಂಚಿಕೆಯೇ ಆಗಿತ್ತು. 2006ರಿಂದ ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಹೊಸ ರಿಯಾಕ್ಟರುಗಳ ವಿಷಯದಲ್ಲಿ ಕೂಡಿ ಕೆಲಸ ಮಾಡುವ ವೇದಿಕೆ ಮಾಡಿಕೊಂಡಿದ್ದವು. 2016ರ ಕೊನೆಯಲ್ಲಿ ಫ್ರೆಂಚರೊಂದಿಗೆ ಬೇರೆ ದೇಶಗಳ ನಿಯಂತ್ರಕರೂ ಸೇರಿ ಆ ಕಮ್ಮಟದ ಒಳಹೊಕ್ಕರು. ಜೊತೆಗೆ, ಅಲ್ಲಿಂದ ಹೊರಹೋದ ಭಾಗಗಳ ಹಳೆಯ ಕಡತಗಳನ್ನು ಒಂದೊಂದಾಗಿ ಮತ್ತೆ ಓದುವ ಕೆಲಸ ಶುರುವಾಯಿತು.

ಹಾಗೆ ಮತ್ತೆ ಓದಿದ ಕಡತಗಳಲ್ಲೊಂದು ಜರ್ಮನಿಯ ಗಡಿಯಲ್ಲಿರುವ ಫೆಸೆನ್‌ಹೈಮ್ ಸ್ಥಾವರದ ಎರಡನೆಯ ಘಟಕದ್ದು. ಅದರ ಒಂದು ಉಗಿ ಉತ್ಪಾದಕದ ಕೆಳಭಾಗದ ಉಕ್ಕು ದಾಖಲೆಯಲ್ಲಿ ಹೇಳಿದ ವಿಧಾನದಲ್ಲಿ ತಯಾರಾಗಿರಲಿಲ್ಲ. 2016ರ ಜೂನ್‌ನಲ್ಲಿ ಘಟಕವನ್ನು ನಿಲ್ಲಿಸಿದರು. ಲೆಕ್ಕ ಹಾಕಿ, ಪರೀಕ್ಷೆ ನಡೆಸಿ, ಉಕ್ಕು ಸಾಕಷ್ಟು ಗಟ್ಟಿಯಿದೆಯೆಂದು ಒಪ್ಪಿ ಮತ್ತೆ ಚಾಲೂ ಮಾಡುವ ಹೊತ್ತಿಗೆ 2018ರ ಏಪ್ರಿಲ್ ಬಂದಿತ್ತು. ಎರಡು ವರ್ಷದ ನಂತರ, 2020ರ ಜೂನ್‌ನಲ್ಲಿ, ಆ ಸ್ಥಾವರವನ್ನು ಶಾಶ್ವತವಾಗಿ ಮುಚ್ಚಲಾಯಿತು.